ಬಚ್ಚಲುಗೋಡೆಯ ಅತಿಥಿ

ಆಗುಂಬೆ ಮಳೆಗೆ ಹೆಸರಾದ ಊರು. ವರ್ಷಕ್ಕೆ ಸಾಮಾನ್ಯವಾಗಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಈ ಘಟ್ಟದ ನೆತ್ತಿಯಲ್ಲಿ ಮಳೆಗಾಲ ಹಿಡಿಯಿತೆಂದರೆ ಗೋಡೆಗಳ ತೇವ ಆರುವುದೇ ಇಲ್ಲ. ಅಂಥ ರಾತ್ರಿ ಬಚ್ಚಲಿನ ದೀಪ ಹಾಕಿದರೆ ಹಂಡೆಯ ಮೇಲಿನ ಗೋಡೆಗೆ ಕಪ್ಪೆಯೊಂದು ಅಂಟಿ ಕೂತಿರುತ್ತದೆ. ಮಕ್ಕಳು ಕಿರುಚುತ್ತಾರೆ, ದೊಡ್ಡವರು ‘ವಿಷದ ಕಪ್ಪೆ’ ಎಂದು ಪೊರಕೆ ಹುಡುಕುತ್ತಾರೆ. ಪೊರಕೆ ಎತ್ತುವ ಮೊದಲು ಅದು ಯಾರೆಂದು ನೋಡುವುದು ಒಳ್ಳೆಯದು.

ಬಣ್ಣವನ್ನು ನಂಬಿದರೆ ಮೋಸ. ಬೆಳಕು, ತೇವಗಳಿಗೆ ತಕ್ಕಂತೆ ಇದು ತಿಳಿಹಳದಿಯಿಂದ ಕಡುಕಂದಿಗೆ ತಿರುಗಬಲ್ಲದು. ನೋಡಬೇಕಾದದ್ದು ಬೆರಳ ತುದಿ. ಅಲ್ಲಿ ದುಂಡನೆಯ ಬಿಲ್ಲೆಗಳಿದ್ದರೆ ಅದು ಮರಗಪ್ಪೆ. ನೀರು ತಗುಲಿದ ಎರಡು ಗಾಜಿನ ತುಂಡುಗಳು ಒಂದಕ್ಕೊಂದು ಅಂಟುವಂತೆ, ಬಿಲ್ಲೆಯ ಮೇಲಿನ ತೆಳುವಾದ ಲೋಳೆಯೇ ಅದನ್ನು ನುಣುಪಾದ ಗೋಡೆಗೂ ಹಿಡಿದಿಡುತ್ತದೆ. ನೆಲದಲ್ಲಿ ಕುಪ್ಪಳಿಸುವ, ಗಂಟುಗಂಟು ಚರ್ಮದ ನೆಲಗಪ್ಪೆಗೆ ಈ ಬಿಲ್ಲೆಗಳಿಲ್ಲ.

ಎರಡನೆಯ ಗುರುತು ತೊಡೆಯ ಹಿಂಬದಿ. ಕಾಲು ಚಾಚಿದಾಗ ಅಲ್ಲಿ ಕಪ್ಪುಗಂದು ಚರ್ಮದ ಮೇಲೆ ಹಳದಿ ಮಚ್ಚೆಗಳು ಕಂಡರೆ ಅದು ಮನೆಗಳಿಗೆ ಪದೇ ಪದೇ ಬರುವ ‘ಪಾಲಿಪೆಡೇಟಿಸ್ ಮ್ಯಾಕ್ಯುಲೇಟಸ್’. 1830ರಲ್ಲಿ ಜಾನ್ ಎಡ್ವರ್ಡ್ ಗ್ರೇ ಇದನ್ನು ವಿಜ್ಞಾನಕ್ಕೆ ಪರಿಚಯಿಸಿದ. ‘ಮ್ಯಾಕ್ಯುಲೇಟಸ್’ ಎಂದರೆ ಮಚ್ಚೆಯುಳ್ಳದ್ದು. ಹೆಣ್ಣು ಏಳೆಂಟು ಸೆಂಟಿಮೀಟರಿನಷ್ಟು ಬೆಳೆಯುತ್ತದೆ, ಗಂಡು ಅದಕ್ಕಿಂತ ಚಿಕ್ಕದು. ಹಸಿರು ಮೈ, ಬೆರಳುಗಳ ನಡುವೆ ಕೆಂಪು ಪೊರೆ ಇದ್ದರೆ ಅದು ಬೇರೆಯೇ: ಮರದಿಂದ ತೇಲಿ ಇಳಿಯುವ ಮಲಬಾರ್ ಹಾರುಕಪ್ಪೆ. ಅದರ ಬಿಡಾರ ಕಾಡು.

ಬಚ್ಚಲಿಗೆ ಇದು ಬರುವುದು ತೇವಕ್ಕೆ ಮತ್ತು ದೀಪಕ್ಕೆ ಮುತ್ತುವ ಹುಳುಗಳಿಗೆ. ಮನುಷ್ಯನಿಗೆ ಇದರಿಂದ ಅಪಾಯವಿಲ್ಲ. ಹೊರಗೆ ಬಿಡಲೇಬೇಕಾದರೆ ಒದ್ದೆ ಕೈಯಲ್ಲಿ ಮೆಲ್ಲಗೆ ಹಿಡಿದು ಗಿಡದ ಮೇಲೆ ಬಿಟ್ಟು, ಕೈ ತೊಳೆದುಕೊಂಡರೆ ಸಾಕು. ಉಪ್ಪು, ಬಿಸಿನೀರು ಎರಚಬಾರದು. ತೆಳುಚರ್ಮದ ಮೂಲಕವೂ ಉಸಿರಾಡುವ ಜೀವಿಗೆ ಅವು ಮೃತ್ಯು.

ಮಳೆಗಾಲದಲ್ಲಿ ನೀರಿನ ತೊಟ್ಟಿಯ ಅಂಚಿಗೆ ಬಿಳಿ ನೊರೆಯ ಮುದ್ದೆ ಅಂಟಿದ್ದರೆ ಸೋಪಿನ ನೊರೆಯೆಂದು ತೊಳೆದುಬಿಡುವವರೇ ಹೆಚ್ಚು. ಅದು ಇದೇ ಕಪ್ಪೆಯ ಗೂಡು. ಒಳಗೆ ನೂರಾರು ಮೊಟ್ಟೆಗಳು. ಹೊರಗೆ ಒಣಗಿದಂತೆ ಕಂಡರೂ ಒಳಗೆ ತೇವ ಉಳಿದಿರುತ್ತದೆ. ಕೆಲವು ದಿನ ಹಾಗೇ ಬಿಟ್ಟರೆ ಗೊದಮೊಟ್ಟೆಗಳು ಒಂದೊಂದಾಗಿ ನೀರಿಗೆ ಉದುರುವುದನ್ನು ಮನೆಯ ಮಕ್ಕಳೇ ನೋಡಬಹುದು. ಪಾಠಪುಸ್ತಕದ ಚಿತ್ರ ಕಣ್ಣೆದುರೇ ಈಜತೊಡಗುತ್ತದೆ.