ಮೃಗಗಳ ಮನೆಯಲ್ಲಿ ಅತಿಥಿಗಳು

ದಕ್ಷಿಣ ಆಫ್ರಿಕಾದ ಈಶಾನ್ಯ ಭಾಗದಲ್ಲಿ ಸುಮಾರು 19,500 ಚದರ ಕಿಲೋಮೀಟರುಗಳಷ್ಟು ವಿಶಾಲವಾಗಿ ಹರಡಿರುವ ಕ್ರೂಗರ್ ರಾಷ್ಟ್ರೀಯ ಉದ್ಯಾನವು 1926ರಲ್ಲಿ ಸ್ಥಾಪಿತವಾಯಿತು. ಪ್ರವಾಸಿಗರು ತಮ್ಮ ಕಾರನ್ನು ತಾವೇ ನಡೆಸುತ್ತ ಸಿಂಹ, ಆನೆ, ಜಿರಾಫೆಗಳನ್ನು ಕಾಣಬಹುದೆಂಬುದು ಇಲ್ಲಿನ ವೈಶಿಷ್ಟ್ಯ. ಈ ಸ್ವಾತಂತ್ರ್ಯಕ್ಕೆ ಕೆಲವು ಕಟ್ಟಳೆಗಳುಂಟು. ಡಾಂಬರು ರಸ್ತೆಯಲ್ಲಿ ಗಂಟೆಗೆ 50, ಮಣ್ಣಿನ ರಸ್ತೆಯಲ್ಲಿ 40 ಕಿಲೋಮೀಟರು ವೇಗ ಮೀರಬಾರದು. ಗೊತ್ತುಪಡಿಸಿದ ಸ್ಥಳಗಳ ಹೊರತು ವಾಹನದಿಂದ ಇಳಿಯಬಾರದು. ಪ್ರಾಣಿಗಳಿಗೆ ತಿಂಡಿ ಹಾಕಬಾರದು.

ಆದರೆ ನಾವು ಅಲ್ಲಿ ಕಂಡುದೇ ಬೇರೆ. ಸಿಂಹಿಣಿಯೊಂದು ರಸ್ತೆ ದಾಟುತ್ತಿದ್ದಂತೆಯೇ ಹತ್ತಾರು ಕಾರುಗಳು ಬಂದು ಮುತ್ತಿಕೊಂಡವು. ಕಿಟಕಿಗಳಿಂದ ಅರ್ಧ ದೇಹ ಹೊರಚಾಚಿ ಚಿತ್ರ ತೆಗೆಯುವವರೆಷ್ಟೋ, ಹಾರನ್ ಒತ್ತುವವರೆಷ್ಟೋ! ಮರಿಗಳೆರಡು ಈಚೆಯ ಹುಲ್ಲಿನಲ್ಲಿಯೇ ಉಳಿದವು. ಆಚೆಯಿಂದ ತಾಯಿ ಕರೆಯುತ್ತಲೇ ಇತ್ತು. ದಾರಿ ಬಿಡುವವರು ಮಾತ್ರ ಯಾರೂ ಇರಲಿಲ್ಲ.

ಕಾರಿನಿಂದ ಬಿಸ್ಕತ್ತು ಎಸೆಯುವುದೂ ಸಣ್ಣ ತಪ್ಪಲ್ಲ. ರುಚಿ ಹತ್ತಿದ ಬಬೂನುಗಳು ಮನುಷ್ಯರ ಮೇಲೆರಗತೊಡಗಿದರೆ ಕಡೆಗೆ ಗುಂಡಿಗೆ ಬಲಿಯಾಗುವವು ಅವೇ. ಎಸೆದವರು ಅಷ್ಟರಲ್ಲಿ ಊರು ಸೇರಿರುತ್ತಾರೆ.

ನೆಂಟರ ಮನೆಯಲ್ಲಿ ನಡುಬಾಗಿಲಿಗೆ ಅಡ್ಡ ನಿಲ್ಲಬಾರದೆಂದು ಮಕ್ಕಳಿಗೆ ನಾವು ಕಲಿಸುತ್ತೇವೆ. ಅಡವಿಗೆ ಹೋದಾಗಲೂ ಅದೇ ಮರ್ಯಾದೆ ಸಲ್ಲಬೇಕು. ಎಂಜಿನ್ ನಿಲ್ಲಿಸಿ, ಮೌನವಾಗಿ, ದೂರದಿಂದ ನೋಡೋಣ. ಅವುಗಳ ದಾರಿಯನ್ನು ಅವುಗಳಿಗೇ ಬಿಡೋಣ.