ಮೂರು ಮಡಕೆಗಳ ನವೋದ್ಯಮ

ಬೆಳಗಿನ ತಿಂಡಿ ಮುಗಿಯುವ ಹೊತ್ತಿಗೆ ಅಡುಗೆಮನೆಯಲ್ಲಿ ಉಳಿಯುವ ಈರುಳ್ಳಿ ಸಿಪ್ಪೆ, ಕೊತ್ತಂಬರಿ ದಂಟು, ಕಾಫಿ ಗಸಿಗಳನ್ನು ‘ಕಸ’ ಎಂದು ಕರೆದ ಕ್ಷಣದಲ್ಲೇ ಅವುಗಳ ದಾರಿ ಲಾರಿಯ ಕಡೆಗೆ ತಿರುಗಿಬಿಡುತ್ತದೆ. ಬಳಸಿದ್ದನ್ನು ಎಸೆಯದೆ ಮತ್ತೆ ಬಳಕೆಗೆ ತರುವ ವ್ಯವಸ್ಥೆಗೆ ಸರ್ಕ್ಯುಲರ್ ಎಕಾನಮಿ, ಅಂದರೆ ಆವರ್ತ ಆರ್ಥಿಕತೆ, ಎಂಬ ಹೆಸರಿದೆ. ಈ ಮಾತು ನವೋದ್ಯಮಗಳ ಬಾಯಲ್ಲಿ ವಾಡಿಕೆಯಾಗುವ ಎಷ್ಟೋ ಮೊದಲೇ, 2006ರಲ್ಲಿ, ವಿನ್ಯಾಸಕಿ ಪೂನಂ ಬೀರ್ ಕಸ್ತೂರಿ ಬೆಂಗಳೂರಿನಲ್ಲಿ ಡೈಲಿ ಡಂಪ್ ಸಂಸ್ಥೆಯನ್ನು ಆರಂಭಿಸಿ, ಮನೆಯಲ್ಲೇ ಗೊಬ್ಬರ ಮಾಡುವ ‘ಕಂಬ’ವನ್ನು ಜನರ ಮುಂದಿಟ್ಟರು.

ಒಂದರ ಮೇಲೊಂದು ಕೂರುವ ಮೂರು ಮಣ್ಣಿನ ಮಡಕೆಗಳೇ ಈ ಕಂಬ. ಮೇಲಿನ ಮಡಕೆಗೆ ಹಸಿ ಕಸ ಹಾಕಿ, ಒಣ ಎಲೆಯನ್ನೋ ತೆಂಗಿನ ನಾರಿನ ಪುಡಿಯನ್ನೋ ಉದುರಿಸಿ, ಅದು ತುಂಬಿದಾಗ ಕೆಳಗಿನದರೊಡನೆ ಅದಲುಬದಲು ಮಾಡುತ್ತ ಹೋದರೆ, ರಂಧ್ರಗಳಿಂದ ಗಾಳಿಯಾಡಿ, ಸೂಕ್ಷ್ಮಜೀವಿಗಳು ಕೆಲಸ ಮಾಡಿ, ಕೆಲವು ವಾರಗಳಲ್ಲಿ ಮಳೆ ಬಿದ್ದ ಮಣ್ಣಿನಂತೆ ಘಮಿಸುವ ಕಪ್ಪು ಗೊಬ್ಬರ ತಳದಲ್ಲಿ ಸಿಗುತ್ತದೆ. ಇದಕ್ಕೆ ವಿದ್ಯುತ್ ಬೇಡ. ಕುಂಬಾರರ ಕೈಗೆ ಕೆಲಸ ಸಿಗುವುದಂತೂ ಇದರ ದೊಡ್ಡ ಗುಣ; ಬೇರೆ ಊರಿನವರೂ ಮಾಡಿಕೊಳ್ಳಲೆಂದು ವಿನ್ಯಾಸವನ್ನು ಮುಕ್ತವಾಗಿಟ್ಟದ್ದು ಇನ್ನೂ ದೊಡ್ಡದು.

ಬೆಂಗಳೂರಿನ ಕಸವನ್ನು ವರ್ಷಗಟ್ಟಲೆ ಹೊತ್ತ ಹೊರವಲಯದ ಊರುಗಳಾದ ಮಾವಳ್ಳಿಪುರ ಮತ್ತು ಮಂಡೂರಿನ ಜನ ಬೀದಿಗಿಳಿದು ಪ್ರತಿಭಟಿಸಬೇಕಾಗಿ ಬಂದದ್ದನ್ನು ನೆನೆದರೆ, ಹಸಿ ಕಸ ಹುಟ್ಟಿದ ಮನೆಯಲ್ಲೇ ಮುಗಿಯಬೇಕೆಂಬ ವಿಚಾರ ಅನುಕೂಲದ ಪ್ರಶ್ನೆಯಲ್ಲ, ನ್ಯಾಯದ ಪ್ರಶ್ನೆ. ಬಾಲ್ಕನಿಯಲ್ಲೋ ಹಿತ್ತಿಲಲ್ಲೋ ಇಂಥ ಮಡಕೆ ಇಟ್ಟವರು ತಮ್ಮ ಅನುಭವವನ್ನು ಇಲ್ಲಿ ಬರೆಯಲಿ. ಇಡದವರಿಗೆ ಅದರಿಂದ ಧೈರ್ಯ ಬರುತ್ತದೆ.