ಕೊಡತಿಯ ಸದ್ದು

ಝಾವೊಶಿಂಗ್‌ನಲ್ಲಿ ನನಗೆ ಬೆಳಗಾದದ್ದು ಕೊಡತಿಯ ಸದ್ದಿಗೆ. ಚೀನಾದ ಗುಯಿಝೌ ಪ್ರಾಂತ್ಯದ ಈ ದೊಂಗ್ ಜನರ ಹಳ್ಳಿಯಲ್ಲಿ 5 ನಗಾರಿ ಗೋಪುರಗಳಿವೆ. ಬಂದವರೆಲ್ಲ ಮೊದಲು ಅವುಗಳತ್ತ ಕತ್ತೆತ್ತಿ ನಿಲ್ಲುತ್ತಾರೆ. ನಾನು ಸದ್ದಿನ ಜಾಡು ಹಿಡಿದು ಓಣಿಗೆ ಇಳಿದೆ. ಬಟ್ಟೆಗೆ ಬಣ್ಣ ಕಟ್ಟುವ ಹುಚ್ಚು ಹತ್ತಿ ವರ್ಷಗಳಾಗಿವೆ; ನೀಲಿಯ ಬಾನಿ ಇರುವ ಕಡೆಗೆ ನನ್ನ ಕಾಲು ತಾನಾಗಿ ನಡೆಯುತ್ತದೆ.

ಇಲ್ಲಿಯ ನೀಲಿಗಿಡ ನಮ್ಮ ಮುಳ್ಳಯ್ಯನಗಿರಿಯ ಕುರಿಂಜಿಯ ಬಳಗದ್ದೇ, ಸ್ಟ್ರೋಬಿಲಾಂಥಿಸ್. ಎಲೆಯನ್ನು ಕೆಲವು ದಿನ ನೀರಿನಲ್ಲಿ ಕೊಳೆಹಾಕಿ, ಸುಣ್ಣ ಬೆರೆಸಿ, ನೊರೆಯೇಳುವಂತೆ ಕಡೆದರೆ ನೀಲಿಯ ಗಸಿ ತಳಕ್ಕೆ ಇಳಿಯುತ್ತದೆ. ಆ ಗಸಿ ಬರೀ ನೀರಿಗೆ ಕರಗುವುದಿಲ್ಲ. ಅದಕ್ಕೆ ಬೂದಿನೀರು ಬೇಕು, ಅಕ್ಕಿಯ ಹೆಂಡ ಬೇಕು, ಹುಳಿಯೆಬ್ಬಿಸುವ ಸೂಕ್ಷ್ಮಜೀವಿಗಳು ಬೇಕು. ದೋಸೆಹಿಟ್ಟನ್ನು ನೋಡಿಕೊಳ್ಳುವಂತೆ ಬಾನಿಯನ್ನು ದಿನವೂ ನೋಡಬೇಕು, ಮೂಸಬೇಕು. ಮೇಲೆ ತಾಮ್ರದ ಮಿಂಚಿನ ಪೊರೆ, ಅದರಡಿ ಹಳದಿ ಬೆರೆತ ಹಸಿರು ನೀರು ಕಂಡರೆ ಹದ ಬಂದಂತೆ. ಚಳಿ ಹೆಚ್ಚಾದರೆ ಬಾನಿ ಮಂಕಾಗುತ್ತದೆ. ನನ್ನ ಮನೆಯ ಬಾನಿ ಎರಡು ಸಲ ಸತ್ತಿದೆ. ಆ ಎರಡೂ ದಿನ ನನಗೆ ಊಟ ಸೇರಲಿಲ್ಲ.

ಓಣಿಯ ಒಂದು ಅಂಗಳದಲ್ಲಿದ್ದ ಅಜ್ಜಿಯ ಕೈ ಮೊಣಕೈವರೆಗೂ ನೀಲಿ. ಬಟ್ಟೆಯನ್ನು ಮುಳುಗಿಸಿ, ನೀರೊಳಗೇ ನಿರಿಗೆ ಬಿಡಿಸಿ, ನಿಧಾನವಾಗಿ ಮೇಲೆತ್ತಿದರು. ಸುಳಿಬಾಳೆಯ ಹಸಿರು! ಗಾಳಿ ತಾಕಿದ್ದೇ ತಡ, ಅಂಚಿನಿಂದ ನೀಲಿ ಹಬ್ಬತೊಡಗಿತು. ಒಂದು ನಿರಿಗೆಯ ಸಂದಿನಲ್ಲಿ ಬೆರಳಗಲ ಹಸಿರು ಉಳಿದಿತ್ತು. ಅಜ್ಜಿ ಹೆಬ್ಬೆರಳಿನಿಂದ ಅದನ್ನು ಬಿಡಿಸಿದರು. ನೋಡನೋಡುತ್ತ ಅದೂ ನೀಲಿಗೆ ತಿರುಗಿತು. ಎಷ್ಟು ಸಲ ಕಂಡರೂ ಈ ಗಳಿಗೆಗೆ ನನ್ನ ಉಸಿರು ಕಟ್ಟುತ್ತದೆ.

ಒಮ್ಮೆ ಅದ್ದಿದರೆ ಬರುವುದು ತೆಳು ಆಕಾಶಬಣ್ಣ. ದೊಂಗ್ ಹೆಂಗಸರಿಗೆ ಅದು ಸಾಲದು. ಅದ್ದಿ, ತೊಳೆದು, ಒಣಗಿಸಿ, ಮತ್ತೆ ಅದ್ದುತ್ತಾರೆ, ಕಪ್ಪಿನ ಹೊಸ್ತಿಲು ಮುಟ್ಟುವವರೆಗೆ. ಆಮೇಲೆ ಮೊಟ್ಟೆಯ ಬಿಳಿಲೋಳೆ ಸವರಿ, ಕಲ್ಲಿನ ಮೇಲೆ ಹಾಸಿ, ಕೊಡತಿಯಿಂದ ಬಡಿಯುತ್ತಾರೆ. ಬಡಿದಂತೆಲ್ಲ ನೂಲು ಚಪ್ಪಟೆಯಾಗಿ ನೇರಳೆಹಣ್ಣಿನ ಸಿಪ್ಪೆಯ ಹೊಳಪು ಏಳುತ್ತದೆ. ನೆರೆಯ ಮ್ಯಾವೊ ಜನ ಜೇನುಮೇಣದಲ್ಲಿ ಚಿತ್ರ ಬರೆದು ಅದ್ದುವ ಬಾಟಿಕ್‌ಗೆ ಹೆಸರು ದೊಡ್ಡದು, ಅಂದವೂ ಹೌದು. ನನ್ನ ಮನಸ್ಸು ಮಾತ್ರ ಹೂವಿಲ್ಲದ, ಬಳ್ಳಿಯಿಲ್ಲದ ಈ ಬರೀ ಬಣ್ಣದ ಬಟ್ಟೆಗೇ ಸೋತಿದೆ.

ನನ್ನ ಆಸೆ ಮುಖದಲ್ಲಿ ಕಂಡಿರಬೇಕು. ಅಜ್ಜಿ ಎದ್ದು ಕೊಡತಿಯನ್ನು ನನ್ನ ಕೈಗಿತ್ತರು. ಹಿಡಿ ಸವೆದು ನುಣುಪಾಗಿತ್ತು, ಅವರ ಅಂಗೈಯ ಬಿಸಿ ಇನ್ನೂ ಇತ್ತು. ಇಪ್ಪತ್ತು ಏಟಿಗೇ ನನ್ನ ತೋಳು ಸೋತಿತು. ಅವರು ಬಟ್ಟೆಯನ್ನು ಒಂದು ಗೇಣು ಸರಿಸಿ, ಹೊಡಿ ಹೊಡಿ ಎಂದು ಕೈಸನ್ನೆ ಮಾಡಿದರು.